ಯಾವ ಗೋಡೆಗೆ ಯಾವ ಮುದ್ರಣ: ದೊಡ್ಡ ಅಳತೆಯ ಪೋಸ್ಟರ್ ಮಾಡಿಸುವವರಿಗೆ ಒಂದು ಹೋಲಿಕೆ

ಪೋಸ್ಟರ್ ಮಾಡಿಸಲು ಬರುವವರು ಮೊದಲು ಕೇಳುವುದು ಚದರ ಅಡಿಗೆ ಎಷ್ಟು ಎಂದು. ದಾವಣಗೆರೆಯಲ್ಲಿ ಈ ಕೆಲಸ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ಕಾಲೇಜಿನ ವಿಭಾಗದವರು, ನಾಟಕ ತಂಡದವರು, ಹೊಸದಾಗಿ ಅಂಗಡಿ ತೆರೆಯುವವರು ಎಲ್ಲರೂ ಮಾತು ಆರಂಭಿಸಿದ್ದು ಅಲ್ಲಿಂದಲೇ. ದರ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದೇ ಚಿತ್ರವನ್ನು ಅದೇ ಅಳತೆಯಲ್ಲಿ ನೀರಿನ ಇಂಕಿನ ಪ್ಲಾಟರಿನಲ್ಲಿ (ರೋಲ್ ಕಾಗದದ ಮೇಲೆ ಇಂಕ್ ಚಿಮ್ಮಿಸಿ ಮುದ್ರಿಸುವ ಅಗಲದ ಯಂತ್ರದಲ್ಲಿ), ಫ್ಲೆಕ್ಸ್ ಯಂತ್ರದಲ್ಲಿ, ಲ್ಯಾಟೆಕ್ಸ್ ಯಂತ್ರದಲ್ಲಿ, ಆಫ್‌ಸೆಟ್ ಪ್ರೆಸ್ಸಿನಲ್ಲಿ ಹೀಗೆ ನಾಲ್ಕು ಕಡೆ ಮುದ್ರಿಸಲು ಬರುತ್ತದೆ. ಪೋಸ್ಟರ್ ಎಲ್ಲಿ ತೂಗಬೇಕು, ಎಷ್ಟು ದಿನ ಉಳಿಯಬೇಕು, ಎಷ್ಟು ದೂರದಿಂದ ಓದಬೇಕು, ಎಷ್ಟು ಪ್ರತಿ ಬೇಕು ಎಂಬುದು ತಿಳಿಯದೆ ಹೇಳಿದ ದರದಿಂದ ಕೇಳಿದವರಿಗೂ ಹೇಳಿದವರಿಗೂ ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಗೋಡೆಯಿಂದ ಹೊರಟು ಯಂತ್ರದ ಕಡೆಗೆ ಬರುತ್ತೇನೆ. ಸ್ವಂತಕ್ಕೆ ಪ್ಲಾಟರ್ ಕೊಳ್ಳಬೇಕೆಂದಿರುವ ಕಾಲೇಜು, ಸ್ಟುಡಿಯೊಗಳನ್ನೂ, ಹೊರಗೆ ಮಾಡಿಸಿಕೊಳ್ಳುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಬೀದಿ ಗೋಡೆಗೆ ಅಂಟಿಸುವ ಪೋಸ್ಟರ್

ಮೊದಲು ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ಚಿತ್ರದುರ್ಗದ ಕಡೆಯ ಒಂದು ನಾಟಕ ತಂಡಕ್ಕೆ ನಲವತ್ತು ಪೋಸ್ಟರ್ ತುರ್ತಾಗಿ ಬೇಕಾಗಿತ್ತು. ನೀರಿನಲ್ಲಿ ಕರಗುವ ಬಣ್ಣದ, ಅಂದರೆ ಡೈ ಇಂಕಿನ ಪ್ಲಾಟರಿನಲ್ಲಿ, 120 ಜಿಎಸ್ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಕೋಟೆಡ್, ಎಂದರೆ ಇಂಕ್ ಹಿಡಿಯುವ ಲೇಪನವಿರುವ ಕಾಗದದ ಮೇಲೆ ಒಂದೇ ದಿನದಲ್ಲಿ ಮುದ್ರಿಸಿ ಕೊಟ್ಟೆ. ಮೇಜಿನ ಮೇಲೆ ಅವು ಬಹಳ ಚೆನ್ನಾಗಿ ಕಂಡವು. ಹುಡುಗರು ಎಂದಿನಂತೆ ಮೈದಾ ಅಂಟು ಕಾಯಿಸಿ, ಕಾಗದದ ಹಿಂಬದಿಗೆ ಬಳಿದು, ಗೋಡೆಗೆ ಒತ್ತಿ, ಮೇಲಿನಿಂದಲೂ ಅದೇ ಬ್ರಷ್ಷಿನಿಂದ ಒಮ್ಮೆ ಸವರಿದರು. ಆ ಒಂದು ಸವರಿಕೆಗೆ ಕೆಂಪು ಬಣ್ಣ ಬಿಟ್ಟುಕೊಂಡು ನಾಯಕಿಯ ಹಣೆಯಿಂದ ಕೆಳಗಿನ ದಿನಾಂಕದ ಸಾಲಿನ ತನಕ ಇಳಿಯಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ನಾಟಕ ಯಾವ ತಾರೀಖಿಗೆ ಎಂಬುದೇ ಓದಲು ಬರುತ್ತಿರಲಿಲ್ಲ. ಪೋಸ್ಟರನ್ನು ಎಲ್ಲಿಗೆ ಅಂಟಿಸುತ್ತೀರಿ, ಯಾವುದರಿಂದ ಅಂಟಿಸುತ್ತೀರಿ ಎಂದು ಕೇಳುವುದು ನನ್ನ ಕೆಲಸವಾಗಿತ್ತು, ನಾನು ಕೇಳಿರಲಿಲ್ಲ.

ಬೀದಿ ಗೋಡೆಗೆ ಇವತ್ತಿಗೂ ಆಫ್‌ಸೆಟ್ ಮುದ್ರಣವೇ ಸರಿ. ಅದರ ಇಂಕ್ ಎಣ್ಣೆ ಆಧಾರದ್ದು, ಅಂಟಿನ ನೀರಿಗೆ ಕರಗುವುದಿಲ್ಲ. ತೆಳುವಾದ ಕಾಗದ ಅಂಟನ್ನು ಹೀರಿಕೊಂಡು ಉಬ್ಬುತಗ್ಗಿನ ಗೋಡೆಗೂ ಕಚ್ಚಿಕೊಳ್ಳುತ್ತದೆ. ಪ್ಲಾಟರಿನ ದಪ್ಪ ಕಾಗದ ಹಾಗೆ ಬಾಗುವುದಿಲ್ಲ. ಡಬಲ್ ಕ್ರೌನ್ ಎಂದರೆ 20×30 ಇಂಚು, ಡಬಲ್ ಡೆಮಿ ಎಂದರೆ 23×36 ಇಂಚು. ಕಾಗದದ ಈ ಅಳತೆಗೆ ಹೊಂದುವಂತೆ ವಿನ್ಯಾಸ ಮಾಡಿದರೆ ಕತ್ತರಿಸಿ ಬಿಸಾಡುವ ಭಾಗ ಕಡಿಮೆಯಾಗುತ್ತದೆ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ (ಚಿತ್ರ ಮೂಡಿಸಿದ ಲೋಹದ ಹಾಳೆಯ) ಖರ್ಚು ಮೊದಲ ಪ್ರತಿಗೇ ಬೀಳುವುದರಿಂದ ಹತ್ತಿಪ್ಪತ್ತು ಪ್ರತಿಗೆ ಅದು ದುಬಾರಿ, ಐನೂರಕ್ಕೆ ಬಹಳ ಅಗ್ಗ. ಪ್ಲಾಟರಿನಲ್ಲಿ ಮೊದಲ ಪ್ರತಿಗೂ ನೂರನೆಯ ಪ್ರತಿಗೂ ಒಂದೇ ಖರ್ಚು. ನನ್ನ ಅನುಭವದಲ್ಲಿ ನೂರರ ಗಡಿ ದಾಟಿದ ಮೇಲೆ ಎರಡು ಕಡೆಯೂ ದರ ಕೇಳಿಯೇ ತೀರ್ಮಾನಿಸಬೇಕು. ವೃತ್ತಿ ಕಂಪನಿ ನಾಟಕಗಳ ಊರಾದ ದಾವಣಗೆರೆಯಲ್ಲಿ, ಸಾಣೇಹಳ್ಳಿಯ ಶಿವಸಂಚಾರದಂಥ ತಂಡ ಊರೂರಿಗೆ ನಾಟಕ ಒಯ್ಯುವ ಈ ಸೀಮೆಯಲ್ಲಿ, ಗೋಡೆ ಪೋಸ್ಟರ್ ಇನ್ನೂ ಜನರನ್ನು ಕರೆತರುತ್ತದೆ. ಅದಕ್ಕೆ ತಕ್ಕ ಮುದ್ರಣ ಸಿಗಬೇಕು. ಅಂಟಿಸುವ ಮುನ್ನ ಗೋಡೆಯ ಮಾಲೀಕರ ಮತ್ತು ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯುವುದೂ ಈ ಲೆಕ್ಕದೊಳಗೇ ಇರಲಿ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ.

ಒಳಗಿನ ಗೋಡೆಗೆ: ಡೈ, ಪಿಗ್ಮೆಂಟ್ ಮತ್ತು ಬೂದುಬಣ್ಣದ ಪ್ರಶ್ನೆ

ಕಾಲೇಜು, ಕಚೇರಿಗಳಲ್ಲಿ ಪ್ಲಾಟರ್ ಎಂದು ಕರೆಯುವ ಎಚ್‌ಪಿ ಡಿಸೈನ್‌ಜೆಟ್, ಎಪ್ಸನ್ ಶ್ಯೂರ್‌ಕಲರ್ ಟಿ ಮತ್ತು ಪಿ ಸರಣಿ, ಕ್ಯಾನನ್ ಇಮೇಜ್‌ಪ್ರೊಗ್ರಾಫ್ ಯಂತ್ರಗಳೆಲ್ಲ ನೀರಿನ ಇಂಕಿನವು. ಇವುಗಳೊಳಗೆ ಎರಡು ಬಗೆಯಿವೆ. ಡೈ ಇಂಕಿನಲ್ಲಿ ಬಣ್ಣವು ನೀರಿನಲ್ಲಿ ಸಕ್ಕರೆ ಕರಗಿದಂತೆ ಕರಗಿರುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಗೋಡೆಗೆ ಬಳಿಯುವ ಸುಣ್ಣದ ನೀರಿನಲ್ಲಿ ಕಣ ತೇಲುವಂತೆ ಬಣ್ಣದ ಕಣಗಳು ತೇಲುತ್ತಿರುತ್ತವೆ. ಕರಗಿದ ಬಣ್ಣ ಕಾಗದದೊಳಗೆ ಇಳಿದು ಹೊಳಪಾಗಿ ಕಾಣುತ್ತದೆ, ಆದರೆ ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಕಣದ ಬಣ್ಣ ಮೇಲ್ಮೈಯಲ್ಲಿ ಕೂತು ಬೆಳಕನ್ನೂ ತೇವವನ್ನೂ ಹೆಚ್ಚು ಕಾಲ ತಡೆಯುತ್ತದೆ, ಆದರೆ ಗ್ಲಾಸಿ ಕಾಗದದ ಮೇಲೆ ಉಗುರು ತಾಗಿದರೆ ಗೀರು ಬೀಳುವುದುಂಟು. ಎಚ್‌ಪಿಯ ಟಿ230, ಟಿ630 ಯಂತ್ರಗಳಲ್ಲಿ ಬಣ್ಣಗಳು ಡೈ, ಕಪ್ಪು ಮಾತ್ರ ಪಿಗ್ಮೆಂಟ್. ಎಪ್ಸನ್ ಟಿ3170, ಟಿ5170 ಮತ್ತು ಕ್ಯಾನನ್ ಟಿಎಂ-200, ಟಿಎಂ-300ಗಳಲ್ಲಿ ಎಲ್ಲವೂ ಪಿಗ್ಮೆಂಟ್. ನಕ್ಷೆ, ಕಟ್ಟಡದ ಪ್ಲಾನುಗಳ ಜೊತೆಗೆ ಆಗೊಮ್ಮೆ ಈಗೊಮ್ಮೆ ಪೋಸ್ಟರ್ ತೆಗೆಯುವ ವಿಭಾಗಕ್ಕೆ ಮೊದಲ ಬಗೆ ಸಾಕು. ಪೋಸ್ಟರೇ ಮುಖ್ಯ ಕೆಲಸವಾದರೆ, ಅದೂ ಕಾರಿಡಾರಿನಲ್ಲಿ ತಿಂಗಳುಗಟ್ಟಲೆ ಇರುವ ಪೋಸ್ಟರಾದರೆ, ಪಿಗ್ಮೆಂಟನ್ನೇ ಆರಿಸಿ ಎಂದು ಒತ್ತಾಯದಿಂದ ಹೇಳುತ್ತೇನೆ.

ಛಾಯಾಚಿತ್ರಗಳ ಪ್ರದರ್ಶನಕ್ಕೆ ಮಾತ್ರ ನಾಲ್ಕೈದು ಬಣ್ಣದ ಯಂತ್ರ ಸಾಲದು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಚಿತ್ರಗಳನ್ನು ಮುದ್ರಿಸುವಾಗ ಇದು ನನಗೆ ಚೆನ್ನಾಗಿ ಗೊತ್ತಾಯಿತು. ಅಲ್ಲಿನ ಬಂಡೆಗಳಲ್ಲಿ ಇರುವುದೆಲ್ಲ ಬೂದುಬಣ್ಣದ ನೂರು ಛಾಯೆಗಳು. ನಾಲ್ಕು ಬಣ್ಣದ ಯಂತ್ರ ಬೂದುಬಣ್ಣವನ್ನು ನೀಲಿ, ಕೆಂಪು, ಹಳದಿ ಸೇರಿಸಿ ಹುಟ್ಟಿಸುವುದರಿಂದ, ಯಾವುದಾದರೂ ಒಂದು ಕೂದಲೆಳೆಯಷ್ಟು ಹೆಚ್ಚಾದರೂ ಬಂಡೆ ಒಂದು ಕಡೆ ಹಸಿರಾಗಿ, ಇನ್ನೊಂದು ಕಡೆ ಗುಲಾಬಿಯಾಗಿ ಕಾಣುತ್ತದೆ. ಎಪ್ಸನ್ನಿನ ಪಿ ಸರಣಿ, ಕ್ಯಾನನ್ನಿನ ಪ್ರೊ ಸರಣಿಯ ಯಂತ್ರಗಳಲ್ಲಿ ಬೂದು ಇಂಕುಗಳೇ ಪ್ರತ್ಯೇಕವಾಗಿರುತ್ತವೆ, ಬಂಡೆ ಬಂಡೆಯಾಗಿಯೇ ಬರುತ್ತದೆ. ಅಂಥ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೆ ಕೊಳ್ಳಬೇಕಾಗಿಲ್ಲ. ಇಂಥದ್ದು ಇರುವ ಸ್ಟುಡಿಯೊಗೆ ಕೊಟ್ಟು ಮಾಡಿಸಿ. ವರ್ಷಕ್ಕೆ ಒಂದೆರಡು ಪ್ರದರ್ಶನಕ್ಕಾಗಿ ಹನ್ನೊಂದು ಹನ್ನೆರಡು ಇಂಕಿನ ಕಾರ್ಟ್ರಿಜ್ ಸಾಕುವುದು ಯಾವ ಕಾಲೇಜಿಗೂ ಹಿತವಲ್ಲ.

ಇಂಕ್ ಚಿಮ್ಮಿಸುವ ಭಾಗವಾದ ಹೆಡ್ಡಿನ ವಿಷಯದಲ್ಲೂ ಒಂದು ವ್ಯತ್ಯಾಸವಿದೆ. ಎಚ್‌ಪಿ, ಕ್ಯಾನನ್ ಪ್ಲಾಟರುಗಳ ಹೆಡ್ ಬಿಸಿಯಿಂದ ಹನಿ ಚಿಮ್ಮಿಸುವಂಥದ್ದು, ಸವೆದಾಗ ನಾವೇ ಬದಲಿಸಬಹುದು. ಎಪ್ಸನ್ನಿನದು ಪೀಜೊ ಹೆಡ್, ಅಂದರೆ ವಿದ್ಯುತ್ತಿಗೆ ಅಲುಗುವ ಹರಳಿನಿಂದ ಹನಿ ತಳ್ಳುವಂಥದ್ದು. ಯಂತ್ರದ ಜೊತೆಗೇ ಬಾಳುವಂತೆ ಮಾಡಿರುವ ಅದು ಕೆಟ್ಟರೆ ಸರ್ವಿಸ್ ಎಂಜಿನಿಯರ್ ಬರಬೇಕು, ಖರ್ಚೂ ದೊಡ್ಡದು. ದಿನಾಲೂ ಓಡುವ ಕಡೆ ಎಪ್ಸನ್ ಬಹಳ ನಂಬಿಕೆಯ ಯಂತ್ರ. ಪರೀಕ್ಷೆ, ರಜೆ ಎಂದು ವಾರಗಟ್ಟಲೆ ಬೀಗ ಹಾಕುವ ಕೋಣೆಗೆ ಹೆಡ್ ಬದಲಿಸಲು ಬರುವ ಯಂತ್ರವೇ ನೆಮ್ಮದಿ. ಯಾವುದೇ ಆಗಲಿ, ಮುದ್ರಣದ ನಡುವೆ ಕರೆಂಟು ಹೋದರೆ ಹೆಡ್ ತನ್ನ ಮುಚ್ಚಳಕ್ಕೆ ಮರಳದೆ ಗಾಳಿಗೆ ತೆರೆದುಕೊಂಡೇ ನಿಲ್ಲುತ್ತದೆ, ಏಪ್ರಿಲ್ ತಿಂಗಳ ನಮ್ಮ ಒಣಗಾಳಿಗೆ ನಾಜಲ್ (ಹನಿ ಹೊರಬರುವ ಸಣ್ಣ ರಂಧ್ರ) ಬೇಗ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಪ್ಲಾಟರಿಗೆ ತಕ್ಕ ಯುಪಿಎಸ್ ಇಲ್ಲದೆ ಯಂತ್ರದ ಬಜೆಟ್ ಪೂರ್ಣವಾಗುವುದಿಲ್ಲ.

24 ಇಂಚೋ 36 ಇಂಚೋ

ಅಗಲ ಆರಿಸುವಾಗ ಮಿಲಿಮೀಟರಿನಲ್ಲಿ ಲೆಕ್ಕ ಹಾಕಿ. ಎ1 ಪೋಸ್ಟರಿನ ಅಗಲ 594, ಎತ್ತರ 841 ಮಿ.ಮೀ.; 24 ಇಂಚಿನ ರೋಲ್ ಎಂದರೆ 610 ಮಿ.ಮೀ. ಹಾಗಾಗಿ ಎ1 ಕೂತು ಎರಡೂ ಪಕ್ಕದಲ್ಲಿ ಎಂಟೆಂಟು ಮಿ.ಮೀ. ಉಳಿಯುತ್ತದೆ. ಎ0 ಪೋಸ್ಟರಿನ ಅಗಲ 841 ಆಗಿರುವುದರಿಂದ ಅದಕ್ಕೆ 36 ಇಂಚಿನ, ಅಂದರೆ 914 ಮಿ.ಮೀ. ರೋಲೇ ಬೇಕು. ವಿಚಾರ ಸಂಕಿರಣಗಳಿಗೆ ವಿದ್ಯಾರ್ಥಿಗಳು ತರುವ 36×48 ಇಂಚಿನ ಪೋಸ್ಟರ್ 36ರ ರೋಲಿಗೆ ಸರಿಯಾಗಿ ಹೊಂದುತ್ತದೆ ಎಂದು ಕಂಡರೂ, ಅಂಚಿಲ್ಲದ ಮುದ್ರಣಕ್ಕೆ ಯಂತ್ರ ಒಪ್ಪದಿದ್ದರೆ ಸುತ್ತ ಕೆಲವು ಮಿ.ಮೀ. ಬಿಳಿ ಉಳಿದೇ ಉಳಿಯುತ್ತದೆ. ಬಣ್ಣವನ್ನು ಅಂಚಿನ ತನಕ ಒಯ್ಯಬೇಕೆಂದಿದ್ದರೆ 44 ಇಂಚಿನ ಯಂತ್ರದಲ್ಲಿ ತೆಗೆದು ಕತ್ತರಿಸಬೇಕು. 30 ಮೀಟರಿನ 24 ಇಂಚು ರೋಲಿನಲ್ಲಿ ಎ1 ಪೋಸ್ಟರ್ ಸುಮಾರು 35 ಬರುತ್ತವೆ. ಎ2 ಪೋಸ್ಟರನ್ನು ಅಡ್ಡ ತಿರುಗಿಸಿ ಹಾಕಿದರೆ ಒಂದಕ್ಕೆ 420 ಮಿ.ಮೀ. ಉದ್ದ ಸಾಕು, ಅದೇ ರೋಲಿನಲ್ಲಿ 70ರ ಹತ್ತಿರ ಬರುತ್ತವೆ. ತಿರುಗಿಸದೆ ಹಾಕಿದರೆ ಪಕ್ಕದ 190 ಮಿ.ಮೀ. ಕಾಗದ ಪ್ರತಿ ಸಲವೂ ಕಸದ ಬುಟ್ಟಿಗೆ. ನನ್ನ ಅಭಿಪ್ರಾಯದಲ್ಲಿ ಶಿಕ್ಷಣ ಸಂಸ್ಥೆಗಳು 36 ಇಂಚಿಗೆ ಹೋಗುವುದು ಲೇಸು, ಏಕೆಂದರೆ ಸಂಕಿರಣಗಳು ಎ0 ಕೇಳುವುದು ಹೆಚ್ಚುತ್ತಿದೆ. ಸ್ಟುಡಿಯೊ, ಡಿಟಿಪಿ ಅಂಗಡಿಗಳಿಗೆ 24 ಸಾಕು.

ಕಾಗದದ ವಿಷಯ ಚಿಕ್ಕದು. 80–90 ಜಿಎಸ್ಎಂ ಸಾದಾ ಕಾಗದ ಪ್ರೂಫಿಗೆ (ತಿದ್ದಲು ತೆಗೆಯುವ ಪ್ರತಿಗೆ) ಮಾತ್ರ; ಇಂಕ್ ಹೆಚ್ಚಾದಲ್ಲಿ ಅದು ಹಪ್ಪಳದಂತೆ ಅಲೆಯೇಳುತ್ತದೆ. ಪೋಸ್ಟರಿಗೆ 120ರಿಂದ 180 ಜಿಎಸ್ಎಂನ, ಹೊಳಪಿಲ್ಲದ ಮ್ಯಾಟ್ ಕೋಟೆಡ್ ಒಳ್ಳೆಯದು. ಟ್ಯೂಬ್‌ಲೈಟಿನ ಕೆಳಗೆ ಗ್ಲಾಸಿ ಕಾಗದ ಬೆಳಕನ್ನು ಕಣ್ಣಿಗೇ ಹೊಡೆಯುವುದರಿಂದ, ಬರಹ ಇರುವ ಪೋಸ್ಟರಿಗೆ ಗ್ಲಾಸಿ ಕೇಳಿದವರಿಗೆ ನಾನು ಬೇಡ ಎನ್ನುತ್ತೇನೆ. ಬಸ್ಸಿನಲ್ಲೋ ರೈಲಿನಲ್ಲೋ ದೂರದ ಸಂಕಿರಣಕ್ಕೆ ಒಯ್ಯುವವರು ಮಡಚಲು ಬರುವ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಮಾಡಿಸಿಕೊಳ್ಳಬಹುದು. ರೋಲ್ ಕೊಳ್ಳುವಾಗ ಒಳಗಿನ ಕೊಳವೆ 2 ಇಂಚಿನದೋ 3 ಇಂಚಿನದೋ ನೋಡಿ. ಸಣ್ಣ ಪ್ಲಾಟರುಗಳು ಸಾಮಾನ್ಯವಾಗಿ 2 ಇಂಚಿನದನ್ನೇ ಹಿಡಿಯುತ್ತವೆ.

ಯಂತ್ರವನ್ನು ಹದಕ್ಕೆ ತರುವುದು

ಒಂದೇ ಯಂತ್ರ, ಒಂದೇ ಕಾಗದ, ಒಂದೇ ಕಡತ ಇದ್ದರೂ ಇಬ್ಬರ ಕೈಯಲ್ಲಿ ಎರಡು ಬಗೆಯ ಪೋಸ್ಟರ್ ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬ್ರ್ಯಾಂಡ್‌ಗಳ ನಡುವಿನ ಅಂತರಕ್ಕಿಂತ ಹದ ಮಾಡಿದ ಯಂತ್ರಕ್ಕೂ ಮಾಡದ ಯಂತ್ರಕ್ಕೂ ಇರುವ ಅಂತರ ದೊಡ್ಡದು. ಕೋಣೆಯಿಂದಲೇ ಆರಂಭಿಸಬೇಕು. ಕೆಲವು ಯಂತ್ರಗಳ ಕೈಪಿಡಿ 35 ಡಿಗ್ರಿ, ಕೆಲವು 40 ಡಿಗ್ರಿ ಸೆಲ್ಸಿಯಸ್ ತನಕ ಎಂದು ಮಿತಿ ಹೇಳುತ್ತವೆ. ನಮ್ಮ ಬೇಸಿಗೆ ಮಧ್ಯಾಹ್ನ ತಗಡಿನ ಸೂರಿನ ಕೋಣೆ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಎಸಿ ಇಲ್ಲದಿದ್ದರೆ ಬೆಳಿಗ್ಗೆ ಹತ್ತರೊಳಗೆ ಮುದ್ರಿಸಿ ಮುಗಿಸುವುದು ಒಂದು ದಾರಿ. ಮಳೆಗಾಲದಲ್ಲಿ ತೊಂದರೆ ಬೇರೆ: ಕಾಗದ ತೇವ ಕುಡಿದು ಅಂಚು ಮೇಲೇಳುತ್ತದೆ, ಹೆಡ್ ಆ ಅಂಚಿಗೆ ಉಜ್ಜಿ ಕರಿ ಗೀರು ಎಳೆಯುತ್ತದೆ. ಬಳಸದ ರೋಲನ್ನು ಅದು ಬಂದ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟು, ಮುದ್ರಿಸುವ ಹಿಂದಿನ ದಿನ ತೆಗೆದು ಯಂತ್ರದ ಕೋಣೆಯಲ್ಲಿ ಬಿಟ್ಟರೆ ಕೋಣೆಯ ಹವೆಗೆ ಹೊಂದಿಕೊಳ್ಳುತ್ತದೆ.

ರೋಲ್ ಏರಿಸುವಾಗ ಕೈ ತೊಳೆದು ಒರೆಸಿಕೊಳ್ಳಿ; ಬೆರಳಿನ ಎಣ್ಣೆ ತಾಗಿದ ಕಡೆ ಕೋಟಿಂಗ್ ಇಂಕನ್ನು ಹಿಡಿಯುವುದಿಲ್ಲ, ತಿಳಿಬಣ್ಣದ ಆಕಾಶದಲ್ಲಿ ಹೆಬ್ಬೆರಳಿನ ಗುರುತು ಹಾಗೇ ಮೂಡುತ್ತದೆ. ಕಾಗದದ ಮುಂಚೂಣಿ ನೇರವಾಗಿ ಕತ್ತರಿಸಿರಬೇಕು, ರೋಲ್ ಬಿಗಿಯಾಗಿ ಸುತ್ತಿಕೊಂಡು ಬಲಬದಿಯ ಗುರುತಿಗೆ ಹೊಂದಿರಬೇಕು. ಒಂದು ಅಡಿ ಎಳೆದಾಗ ಎರಡು ಮಿ.ಮೀ. ಓರೆಯಾದರೆ ನಾಲ್ಕು ಅಡಿಯ ಪೋಸ್ಟರಿನಲ್ಲಿ ಅದು ಎಂಟಾಗುತ್ತದೆ. ಆಮೇಲೆ ಯಂತ್ರದ ಪರದೆಯಲ್ಲಿ ಕಾಗದದ ಬಗೆಯನ್ನು ಆರಿಸುವುದು. ಇದನ್ನು ಹೆಸರಿನ ಹೊಂದಾಣಿಕೆ ಎಂದು ತಿಳಿದು ಬಹಳ ಜನ ಅಲಕ್ಷ್ಯ ಮಾಡುತ್ತಾರೆ. ಎಷ್ಟು ಇಂಕ್ ಸುರಿಯಬೇಕು, ಹೆಡ್ ಎಷ್ಟು ಎತ್ತರದಲ್ಲಿ ಓಡಬೇಕು, ಪ್ರತಿ ಸಾಲಿನ ನಡುವೆ ಎಷ್ಟು ಒಣಗಲು ಬಿಡಬೇಕು, ಯಾವ ಕಪ್ಪು ಬಳಸಬೇಕು ಎಂಬುದನ್ನೆಲ್ಲ ಯಂತ್ರ ನಿರ್ಧರಿಸುವುದು ಆ ಒಂದು ಆಯ್ಕೆಯಿಂದ. ಸಾದಾ ಕಾಗದ ಎಂದು ಹೇಳಿ ಕೋಟೆಡ್ ಹಾಕಿದರೆ ಬಣ್ಣ ತೊಳೆದ ಬಟ್ಟೆಯಂತೆ ಬರುತ್ತದೆ. ಫೋಟೋ ಕಾಗದ ಎಂದು ಹೇಳಿ ಸಾದಾ ಹಾಕಿದರೆ ಇಂಕ್ ನಿಂತು ಹಿಂಬದಿಗೆ ಇಳಿಯುತ್ತದೆ.

ಪೋಸ್ಟರಿನಲ್ಲಿ ಅಡ್ಡಗೆರೆಗಳು ಕಂಡರೆ ಮೊದಲು ನಾಜಲ್ ಚೆಕ್, ಅಂದರೆ ಎಲ್ಲ ನಾಜಲ್‌ಗಳೂ ಇಂಕ್ ಬಿಡುತ್ತಿವೆಯೇ ಎಂದು ತೋರಿಸುವ ಪರೀಕ್ಷಾ ಮುದ್ರಣ ತೆಗೆಯಿರಿ. ಅದರಲ್ಲಿ ಗೆರೆ ತುಂಡಾಗಿದ್ದರೆ ಸಾದಾ ಕ್ಲೀನಿಂಗ್ ಒಂದೆರಡು ಸಲ ಸಾಕು. ಮತ್ತೆ ಮತ್ತೆ ಜೋರು ಕ್ಲೀನಿಂಗ್ ಕೊಟ್ಟರೆ ಇಂಕ್ ಸುಮ್ಮನೆ ವ್ಯರ್ಥ ಇಂಕ್ ಸೇರುವ ಮೆಂಟೆನೆನ್ಸ್ ಟ್ಯಾಂಕಿಗೆ ಹೋಗುತ್ತದೆ. ನಾಜಲ್ ಚೆಕ್ ಸರಿಯಿದ್ದೂ ಗೆರೆ ಬರುತ್ತಿದ್ದರೆ ಕಾರಣ ಕಾಗದದ ನಡಿಗೆಯಲ್ಲಿದೆ. ಸಮ ಅಂತರದಲ್ಲಿ ಬಿಳಿ ಗೆರೆ ಬಂದರೆ ಕಾಗದ ಹೆಜ್ಜೆ ಹೆಜ್ಜೆಗೂ ಸ್ವಲ್ಪ ಹೆಚ್ಚು ಸಾಗುತ್ತಿದೆ, ಗಾಢ ಗೆರೆ ಬಂದರೆ ಕಡಿಮೆ ಸಾಗುತ್ತಿದೆ. ಫೀಡ್ ಹೊಂದಾಣಿಕೆಯ ಪರೀಕ್ಷಾ ಹಾಳೆ ತೆಗೆದು ಸರಿಮಾಡಬೇಕು. ಬೇರೆ ಕಂಪನಿಯ ಕಾಗದಕ್ಕೆ ಬದಲಾದಾಗಲೆಲ್ಲ ಇದನ್ನು ಮಾಡಿ. ಇಡೀ ಪೋಸ್ಟರ್ ತೆಗೆಯುವ ಮುನ್ನ, ಮುಖ, ಲೋಗೊ, ಸಣ್ಣಕ್ಷರ ಮೂರೂ ಇರುವ ಆರು ಇಂಚಿನ ಒಂದು ಪಟ್ಟಿಯನ್ನು ಪೂರ್ಣ ಅಳತೆಯಲ್ಲೇ ಮುದ್ರಿಸಿ, ಪೋಸ್ಟರ್ ತೂಗುವ ಜಾಗದ ಬೆಳಕಿನಲ್ಲಿ ಹಿಡಿದು ನೋಡಿ. ಆ ಆರು ಇಂಚು ಎಷ್ಟೋ ಮೀಟರ್ ಕಾಗದವನ್ನು ಉಳಿಸುತ್ತದೆ.

ಬಣ್ಣದ ನಿರ್ವಹಣೆಯನ್ನು ಒಂದೇ ಕಡೆ ಮಾಡಿಸಬೇಕು. ಫೋಟೋಶಾಪಿನಲ್ಲಿ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ಹೇಳುವ ಕಡತ) ಆರಿಸಿ, ಪ್ಲಾಟರನ್ನು ನಡೆಸುವ ತಂತ್ರಾಂಶವಾದ ಡ್ರೈವರಿನಲ್ಲೂ ಬಣ್ಣ ತಿದ್ದುವ ಆಯ್ಕೆಯನ್ನು ತೆರೆದೇ ಬಿಟ್ಟರೆ ಒಂದೇ ಚಿತ್ರವನ್ನು ಎರಡು ಸಲ ತಿದ್ದಿದಂತಾಗಿ ಮುಖಗಳು ಕೆಂಪಡರುತ್ತವೆ. ಡ್ರೈವರ್ ಮೂಲಕ ಮುದ್ರಿಸುವ ಪ್ಲಾಟರಿಗೆ ಕಡತವನ್ನು ಆರ್‌ಜಿಬಿಯಲ್ಲೇ (ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕದಲ್ಲೇ) ಕೊಡುವುದು ಒಳ್ಳೆಯದು. ಫ್ಲೆಕ್ಸ್ ಅಂಗಡಿಗಳಲ್ಲಿ ಕಡತವನ್ನು ಇಂಕಿನ ಹನಿಗಳ ಲೆಕ್ಕಕ್ಕೆ ಬದಲಿಸುವ ರಿಪ್ ತಂತ್ರಾಂಶ ಬಳಸುವುದರಿಂದ ಅವರು ಸಾಮಾನ್ಯವಾಗಿ ಸಿಎಂವೈಕೆ (ನಾಲ್ಕು ಇಂಕಿನ ಲೆಕ್ಕದ ಕಡತ) ಕೇಳುತ್ತಾರೆ. ಕೇಳಿ ತಿಳಿದುಕೊಂಡು ಕಳಿಸಿ.

ಕಡತ ಮತ್ತು ಕನ್ನಡದ ಅಕ್ಷರ

24×36 ಇಂಚಿನ ಪೋಸ್ಟರಿಗೆ 150 ಡಿಪಿಐ (ಇಂಚಿಗೆ 150 ಚುಕ್ಕಿ) ಬೇಕೆಂದರೆ ಚಿತ್ರ 3600×5400 ಪಿಕ್ಸೆಲ್ ಇರಬೇಕು. ಮೂರು ನಾಲ್ಕು ಅಡಿ ದೂರದಿಂದ ನೋಡುವ ಪೋಸ್ಟರಿಗೆ ಅಷ್ಟು ಸಾಕು. 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರ 3000×4000 ಇರುವುದರಿಂದ ಇಡೀ ಪೋಸ್ಟರಿಗೆ ಹಿಗ್ಗಿಸಿದಾಗ 111 ಡಿಪಿಐ ಸಿಗುತ್ತದೆ; ನಡೆಯುತ್ತದೆ. ಅದೇ ಚಿತ್ರವನ್ನು ವಾಟ್ಸ್ಆ್ಯಪಿನಲ್ಲಿ ಫೋಟೋ ಆಗಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಕುಗ್ಗಿ 44 ಡಿಪಿಐಗೆ ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುವುದು ಇದೇ ಕಾರಣಕ್ಕೆ. ಪವರ್‌ಪಾಯಿಂಟಿನಲ್ಲಿ ಪೋಸ್ಟರ್ ಮಾಡುವ ವಿದ್ಯಾರ್ಥಿಗಳು ಆರಂಭದಲ್ಲೇ ಸ್ಲೈಡಿನ ಅಳತೆಯನ್ನು ಪೋಸ್ಟರಿನ ಅಳತೆಗೆ ಇಟ್ಟುಕೊಳ್ಳಬೇಕು. ಅದು 56 ಇಂಚಿನ ತನಕ ಒಪ್ಪುತ್ತದೆ. ಕೊನೆಯಲ್ಲಿ ಹಿಗ್ಗಿಸಿದರೆ ಚಿತ್ರ, ಬರಹಗಳ ಜಾಗವೆಲ್ಲ ಕದಲುತ್ತದೆ.

ಅಕ್ಷರದ ಮಾತಿಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಇಂಗ್ಲಿಷಿನ ಪೋಸ್ಟರಿಗೆ ಇಲ್ಲದ ಅಪಾಯಗಳು ಇಲ್ಲಿವೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಫೋಟೋಶಾಪಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸದೆ ಅಂಟಿಸಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಪಕ್ಕದಲ್ಲಿ ಕೂರುತ್ತವೆ. ವೈಶಿಷ್ಟ್ಯ, ರಾಷ್ಟ್ರೀಯ, ದಾರ್ಢ್ಯ ಎಂಬ ಮೂರು ಪದಗಳನ್ನು ಟೈಪ್ ಮಾಡಿ ನೋಡಿದರೆ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆಯೋ ಇಲ್ಲವೋ ತಿಳಿಯುತ್ತದೆ. ಒಮ್ಮೆ ಒಂದು ಸಂಕಿರಣದ ಪೋಸ್ಟರಿನಲ್ಲಿ ‘ರಾಷ್ಟ್ರೀಯ’ ಎಂಬ ಶೀರ್ಷಿಕೆಯ ಕೆಳಗಿನ ಟ ಒತ್ತೂ ರ ಒತ್ತೂ ಅಕ್ಷರದ ಚೌಕದಾಚೆ ಬಿದ್ದು ಅರ್ಧಕ್ಕೆ ಕತ್ತರಿಸಿಹೋಗಿದ್ದವು. ಪರದೆಯಲ್ಲಿ ನೋಡುವಾಗ ಯಾರ ಕಣ್ಣಿಗೂ ಬೀಳದ್ದು ಮೂರು ಅಡಿ ಅಗಲದ ಕಾಗದದ ಮೇಲೆ ಎಲ್ಲರಿಗೂ ಕಂಡಿತು. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ, ಎಲ್ಲ ಸರಿಯಿದೆ ಎಂದಾದ ಮೇಲೆ ಅಕ್ಷರಗಳನ್ನು ಫಾಂಟ್ ಬೇಡದ ರೇಖಾಚಿತ್ರಗಳಾದ ಕರ್ವ್ಸ್‌ಗೆ ಬದಲಿಸಿ ಪಿಡಿಎಫ್ ಮಾಡಿ. ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಲು ಮರೆಯಬೇಡಿ.

ಅಕ್ಷರದ ಎತ್ತರಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಹತ್ತು ಅಡಿ ದೂರಕ್ಕೆ ಒಂದು ಇಂಚು. 72 ಪಾಯಿಂಟ್ ಎಂದರೆ ಒಂದು ಇಂಚು ಎಂದು ತಿಳಿದು ಮೋಸಹೋಗಬಾರದು. ಕನ್ನಡದಲ್ಲಿ ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಜಾಗ ಕೊಟ್ಟು ಉಳಿಯುವ ಮೂಲಾಕ್ಷರ ಹೆಚ್ಚುಕಡಿಮೆ ಅದರ ಅರ್ಧದಷ್ಟೇ ಇರುತ್ತದೆ. ಪರದೆಯ ಸಂಖ್ಯೆಯನ್ನು ನಂಬದೆ ಮುದ್ರಿಸಿದ ಪಟ್ಟಿಯ ಮೇಲೆ ಅಡಿಕೋಲು ಇಟ್ಟು ಅಳೆಯಿರಿ.

ಬಯಲಿನಲ್ಲಿ: ಫ್ಲೆಕ್ಸ್, ಇಕೋ ಸಾಲ್ವೆಂಟ್, ಲ್ಯಾಟೆಕ್ಸ್

ಹತ್ತು ಅಡಿ ಅಗಲದ ಫ್ಲೆಕ್ಸ್ ಯಂತ್ರ ಸಾಲ್ವೆಂಟ್ ಇಂಕನ್ನು (ರಾಸಾಯನಿಕ ದ್ರಾವಕದ ಇಂಕನ್ನು) ಪಿವಿಸಿ ಹಾಳೆಯ ಮೇಲೆ ಸುರಿಯುತ್ತದೆ. ಅದರ ಹೆಡ್ಡಿನಿಂದ ಬೀಳುವ ಒಂದೊಂದು ಹನಿ ಸಾಮಾನ್ಯವಾಗಿ 30 ಪಿಕೊಲೀಟರಿನ ಆಸುಪಾಸಿನದು. ಪ್ಲಾಟರಿನ ಹನಿ 4ರಿಂದ 6. ಅದಕ್ಕೇ ಫ್ಲೆಕ್ಸ್ ದೂರಕ್ಕೆ ಚೆನ್ನ, ಹತ್ತಿರಕ್ಕೆ ಒರಟು. ಸಂಕಿರಣದ ಪೋಸ್ಟರನ್ನು ಅಗ್ಗವೆಂದು ಫ್ಲೆಕ್ಸಿನಲ್ಲಿ ಮಾಡಿಸಿದವರ ಕೋಷ್ಟಕಗಳು, ಅಡಿಟಿಪ್ಪಣಿಗಳು ಓದಲು ಬಾರದೆ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಮಾಡಿಸಲೇಬೇಕಾದರೆ ಎರಡು ಪಾಸಿಗೆ (ಒಂದೇ ಜಾಗದ ಮೇಲೆ ಹೆಡ್ ಎರಡು ಸಲ ಓಡುವುದಕ್ಕೆ) ಬದಲು ನಾಲ್ಕೋ ಆರೋ ಪಾಸಿನಲ್ಲಿ ಓಡಿಸಲು ಕೇಳಿ. ಕಾನೂನಿನ ಮಾತೂ ಇದೆ: ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನೂ ಸೇರಿಸಿ ನಿಷೇಧ ಹೊರಡಿಸಿತು, ಕೇಂದ್ರದ ನಿಯಮದಡಿ 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ ನಿಷೇಧವಿದೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಂಥ ಸಂದರ್ಭದಲ್ಲಿ ಸಾಲುಸಾಲು ಬ್ಯಾನರ್ ಕಟ್ಟುವವರು ಬಟ್ಟೆಯ ಕಡೆಗೆ ತಿರುಗುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಮ್ಮ ಊರಿನಲ್ಲಿ ಬಟ್ಟೆ ಬ್ಯಾನರ್ ಮತ್ತೆ ಕಾಣುವುದು ನನಗೆ ಸಂತೋಷ ಕೊಡುತ್ತದೆ.

ಚಿತ್ರದುರ್ಗದವರಿಗೆ ಗಾಳಿಯ ಬಗ್ಗೆ ಹೇಳಬೇಕಾದದ್ದಿಲ್ಲ. ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಅಲ್ಲಿ ತೆರೆದ ಕಡೆ ಕಟ್ಟುವ ಬ್ಯಾನರಿಗೆ ಮುದ್ರಣಕ್ಕಿಂತ ಅಂಚಿನ ಮಡಿಕೆ ಮುಖ್ಯ. ಅಂಚನ್ನು ಎರಡು ಮಡಿ ಮಾಡಿ ಹೊಲಿಸಿ ಅಥವಾ ಬಿಸಿಯಿಂದ ಅಂಟಿಸಿ, ಒಂದೂವರೆ ಎರಡು ಅಡಿಗೊಂದು ರಿಂಗ್ ಹೊಡೆಸಿ, ಮೂಲೆಗಳಿಗೆ ಮಾತ್ರ ಹಗ್ಗ ಬಿಗಿಯುವ ಅಭ್ಯಾಸವನ್ನು ಬಿಡಬೇಕು.

ಅಂಗಡಿಯ ಪಶ್ಚಿಮದ ಗಾಜಿಗೆ ಅಂಟಿಸುವ ವಿನೈಲ್, ಬಸ್ ನಿಲ್ದಾಣದ ಫಲಕ ಇಂಥವುಗಳಿಗೆ ಇಕೋ ಸಾಲ್ವೆಂಟ್ (ಸೌಮ್ಯ ದ್ರಾವಕದ ಇಂಕ್) ಅಥವಾ ಲ್ಯಾಟೆಕ್ಸ್ ಬೇಕು. ಎರಡರ ಮುದ್ರಣವೂ ನಯ, ಎರಡೂ ಬಿಸಿಲು ಮಳೆ ತಡೆಯುತ್ತವೆ. ಇಕೋ ಸಾಲ್ವೆಂಟಿನಲ್ಲಿ ಮುದ್ರಿಸಿದ್ದನ್ನು ಒಂದು ದಿನ ಸಡಿಲವಾಗಿ ಬಿಟ್ಟು ಆವಿ ಹೋದ ಮೇಲೆ ಲ್ಯಾಮಿನೇಷನ್ ಮಾಡಬೇಕು, ಅವಸರ ಮಾಡಿದರೆ ಅಂಟು ಬಿಡುತ್ತದೆ. ಲ್ಯಾಟೆಕ್ಸ್ ನೀರಿನ ಆಧಾರದ ಇಂಕ್, ಬಿಸಿಯಿಂದ ಯಂತ್ರದೊಳಗೇ ಗಟ್ಟಿಯಾಗಿ ಒಣಗಿ ಹೊರಬರುತ್ತದೆ. ತಕ್ಷಣ ಲ್ಯಾಮಿನೇಷನ್ ಮಾಡಬಹುದು, ವಾಸನೆಯೂ ಕಡಿಮೆ. ಅದಕ್ಕೆ ವಿದ್ಯುತ್ ಹೆಚ್ಚು ಬೇಕು. ಆಸ್ಪತ್ರೆ, ಶಾಲೆಯ ತರಗತಿಯ ಒಳಗೆ ಅಂಟಿಸುವುದಾದರೆ ವಾಸನೆಯ ಕಾರಣಕ್ಕೆ ಲ್ಯಾಟೆಕ್ಸನ್ನೇ ಹುಡುಕಿ ಮಾಡಿಸಿ.

ಕೊಳ್ಳುವುದೋ, ಮಾಡಿಸುವುದೋ

ವಾರಕ್ಕೆ ನಾಲ್ಕೈದು ಎ1 ಪೋಸ್ಟರಾದರೂ ವರ್ಷವಿಡೀ ಇಲ್ಲದಿದ್ದರೆ ಪ್ಲಾಟರ್ ಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. ಸುಮ್ಮನೆ ನಿಂತ ಯಂತ್ರವೂ ತನ್ನನ್ನು ತಾನು ಶುಚಿ ಮಾಡಿಕೊಳ್ಳಲು ಇಂಕ್ ಕುಡಿಯುತ್ತದೆ, ಕಾರ್ಟ್ರಿಜಿನ ಅವಧಿ ಮುಗಿಯುತ್ತದೆ. ಕೊಳ್ಳುವುದೇ ಆದರೆ ಬೆಲೆಪಟ್ಟಿಯಲ್ಲಿ ಯಂತ್ರದ ಬೆಲೆಯ ಕೆಳಗೆ ಒಂದು ಸೆಟ್ ಇಂಕ್, ಹೆಡ್, ಮೆಂಟೆನೆನ್ಸ್ ಕಾರ್ಟ್ರಿಜ್, ಯುಪಿಎಸ್ ಇವುಗಳ ಬೆಲೆಯನ್ನೂ ಬರೆಸಿಕೊಳ್ಳಿ. ಎಂಜಿನಿಯರ್ ದಾವಣಗೆರೆಯಲ್ಲೇ ಇದ್ದಾರೋ, ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕೋ ಎಂದು ಕೇಳಿ. ಕೊಂಡ ಮೇಲೆ, ಪ್ರತಿ ಕೆಲಸಕ್ಕೆ ಎಷ್ಟು ಮಿಲಿಲೀಟರ್ ಇಂಕ್ ಹೋಯಿತೆಂದು ಯಂತ್ರವೇ ಇಡುವ ಲೆಕ್ಕವನ್ನು ತಿಂಗಳಿಗೊಮ್ಮೆ ತೆಗೆದು ನೋಡಿ. ನಿಮ್ಮ ಪೋಸ್ಟರಿನ ನಿಜವಾದ ದರ ಅಲ್ಲಿ ಸಿಗುತ್ತದೆ. ರಜೆಯಲ್ಲೂ ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಸಣ್ಣ ಚಿತ್ರ ತೆಗೆಯುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಿ.

ಹೊರಗೆ ಮಾಡಿಸುವವರು ಪೋಸ್ಟರನ್ನು ಬಿಸಿಬಿಸಿಯಾಗಿ ಸುತ್ತಿಕೊಂಡು ಓಡಬಾರದು. ಪಿಗ್ಮೆಂಟ್ ಇಂಕಿನ ದಟ್ಟ ಭಾಗಗಳು ಒಳಗಿನಿಂದ ಒಣಗಲು ಹೊತ್ತು ಬೇಕು. ಒಂದು ಗಂಟೆಯಾದರೂ ಮೇಜಿನ ಮೇಲೆ ಚಪ್ಪಟೆಯಾಗಿ ಬಿಟ್ಟು, ಮೇಲೆ ತೆಳು ಕಾಗದ ಹಾಸಿ, ಮುದ್ರಿಸಿದ ಮುಖ ಹೊರಗೆ ಬರುವಂತೆ ಅಗಲವಾದ ಸುರುಳಿ ಸುತ್ತಿ ಕೊಳವೆಯಲ್ಲಿಡಿ. ಹಾಗೆ ಸುತ್ತಿದ ಪೋಸ್ಟರ್ ಬಿಚ್ಚಿದಾಗ ಅದರ ಅಂಚುಗಳು ನೋಡುವವರ ಕಡೆಗೆ ಸುರುಳಿಯಾಗದೆ ಗೋಡೆಯ ಕಡೆಗೆ ಬಾಗಿ, ನಾಲ್ಕು ಮೂಲೆಯ ಟೇಪಿಗೆ ಸಮವಾಗಿ ಕೂರುತ್ತವೆ.